ಆಷಾಢಕ್ಕೊಂದು ಹೊಸ ಮನೆ

ಆಷಾಢ ಮಾಸವನ್ನು ಕಂಡುಹಿಡಿದವನು ಯಾರೇ ಆಗಿರಲಿ, ಅವನಿಗೆ ಮದುವೆಯಾಗಿರಲಿಲ್ಲ ಎಂಬುದು ವಾಗೀಶನ ಖಚಿತ ಅಭಿಪ್ರಾಯ. ತಲೆ ಮೇಲಿನ ಅಕ್ಷತೆ ಇನ್ನೂ ಉದುರಿಲ್ಲ, ಆಗಲೇ ಹೆಂಡತಿ ಸುಮಾ ತವರುಮನೆ ಮಡಕಶಿರಕ್ಕೆ ಹೊರಟು ನಿಂತಿದ್ದಳು. ಆಷಾಢದಲ್ಲಿ ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅತ್ತೆ-ಅಳಿಯನೂ ಅಷ್ಟೇ. ಅಂದರೆ ಅವಳು ಇಲ್ಲಿರುವಂತಿಲ್ಲ, ಇವನು ಅಲ್ಲಿಗೆ ಹೋಗುವಂತಿಲ್ಲ. (ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಅಂಗಡಿ ಇಟ್ಟವನ ಮಾತನ್ನು ಪಂಚಾಂಗ ಕೇಳುತ್ತದೆಯೇ?)

ಆದರೆ ವಾಗೀಶ ಕೈಕಟ್ಟಿ ಕೂರುವ ಗಂಡಸಲ್ಲ. ಅವನು ಫೋನಿನಲ್ಲಿ ಆಡುವ ರಾಕ್ಷಸ-ರಾಜಕುಮಾರರ ಆಟಕ್ಕೆ ಆ ವಾರವೇ ಹೊಸ ಎಕ್ಸ್‌ಪಾನ್ಶನ್, ಅಂದರೆ ಹೆಚ್ಚುವರಿ ಕಂತು, ಬರುವುದಿತ್ತು. ಬಸ್‌ಸ್ಟ್ಯಾಂಡಿನಲ್ಲೇ ಹೆಂಡತಿಯ ಫೋನಿಗೂ ಆಟ ಹಾಕಿಕೊಟ್ಟ.

“ಈ ಸಲ ಏನೇನು ಕೊಡ್ತಾರ ನೋಡು. ಹಾರೋ ಕುದುರಿ. ಮೂರು ತಲಿ ಸರ್ಪ. ಅದೆಲ್ಲ ಬಿಡು, ಸ್ವಂತ ಮನಿ ಕಟ್ಟಬಹುದು. ಯಾರು ಎಲ್ಲೇ ಇದ್ರೂ ಇಬ್ರೂ ಅದೇ ಮನ್ಯಾಗ ಸಂಸಾರ ಮಾಡಬಹುದು.”

“ಅಡುಗೆಮನೆ ಐತಾ?”

“ಐತಿ. ಹಿತ್ತಲದಾಗ ಬಾವಿನೂ ಐತಿ.”

“ನೀರು ಸೇದೋರು ಯಾರು?”

“ಯಜಮಾನಿ ಗಂಟಿ ಬಾರಿಸಿದ್ರ ಸಾಕು, ಜೊತಿಗಿರೋನು ಓಡಿ ಬಂದು ಹೇಳಿದ ಕೆಲಸ ಮಾಡ್ತಾನ. ಅದೂ ಹೊಸಾದು.”

“ಈ ಸೌಲಭ್ಯ ನಮ್ಮನೇಗೆ ಯಾವಾಗ ಬರುತ್ತೆ?” ಎಂದು ಸುಮಾ ಬಸ್ಸು ಹತ್ತಿದಳು.

ಫೋನಿನಲ್ಲಿ ಮನೆ ಎದ್ದಿತು. ಶತ್ರುಸಂಹಾರಕ, ಕಿರೀಟಧಾರಿ ರಣಭೈರವ (ಆಟದಲ್ಲಿ ವಾಗೀಶನ ಹೆಸರು) ಪ್ರತಿ ಸಂಜೆ ಯಜಮಾನಿಯ ಮುಂದೆ ಮಂಡಿಯೂರಿ ಮಲ್ಲಿಗೆ ಕೊಡುತ್ತಿದ್ದ. ಅವಳು ಹೂ ಮುಡಿದು ಗಂಟೆ ಬಾರಿಸುತ್ತಿದ್ದಳು. ನೀರು ಸೇದಿದರೆ ಸೌದೆ, ಸೌದೆ ಒಡೆದರೆ ಮತ್ತೆ ನೀರು. ಹಾರುವ ಕುದುರೆ ಹುಲ್ಲು ಹೊರುವಂತಾಯಿತು. ಬಿಸಿಲು ಮುಖಕ್ಕೆ ಬೀಳುವ ತನಕ ಏಳದ ಸುಮಾ ಆಟದಲ್ಲಿ ಕೋಳಿ ಕೂಗುವ ಮುಂಚೆ ಅಂಗಳಕ್ಕೆ ನೀರು ಚಿಮುಕಿಸಿರುತ್ತಿದ್ದಳು. ಎಂಥ ಗೃಹಿಣಿ ಸಿಕ್ಕಳಪ್ಪ ಎಂದು ವಾಗೀಶ ಉಬ್ಬಿಹೋದ. ಉಬ್ಬಿದಷ್ಟೂ ಅವಳ ನೆನಪು ಹೆಚ್ಚಾಯಿತು. ಊಟ ರುಚಿಸಲಿಲ್ಲ.

ತಾಯಿ ಕೊಟ್ರಮ್ಮನಿಗೆ ಇದನ್ನೆಲ್ಲ ನೋಡಿ ನೋಡಿ ಸಾಕಾಯಿತು.

“ಏನೋ ಅದು, ಬೆಳಗಾಗೆದ್ದು ಫೋನಿನ್ಯಾಗ ನೀರು ಸೇದ್ತಿ? ಇಲ್ಲಿ ನಲ್ಲಿ ನೀರು ಹಿಡಿ ಅಂದ್ರ ಬೆನ್ನುನೋವು ಅಂತಿ.”

“ಸುಮಾ ಹೇಳ್ಯಾಳವ್ವ.”

ಮಗನ ಮುಖ ನೋಡಿ ತಾಯಿ ಕರಗಿದರು. “ನಾ ಕಣೇಕಲ್ಲಿಗೆ ನಿಮ್ಮಕ್ಕನ ಮನಿಗೆ ಹೋಗಿರ್ತೀನಿ. ನಾ ಇಲ್ಲಂದ್ಮ್ಯಾಲೆ ಯಾವ ಅತ್ತಿ, ಯಾವ ಹೊಸ್ಲು? ಹೋಗಿ ಕರ್ಕೊಂಡು ಬಾ. ಅಲ್ಲಿ ಮಾತ್ರ ಒಳಗ ಕಾಲಿಡಬ್ಯಾಡ.”

ವಾಗೀಶ ಹಾರುವ ಕುದುರೆ ಏರಿದವನಂತೆ ಬಸ್ಸು ಹತ್ತಿ ಮಡಕಶಿರದಲ್ಲಿ ಇಳಿದ. ಅತ್ತೆ ಭುವನೇಶ್ವರಿ ಬಾಗಿಲ ಮರೆಯಿಂದಲೇ, “ಅಳಿಯಂದ್ರೇ, ತಪ್ಪು ತಿಳ್ಕಬೇಡಿ, ಆಷಾಢ. ಜಗಲಿ ಮೇಲೇ ಕೂತ್ಕಳಿ” ಎಂದರು. ಒಳಗೆ ಬಟ್ಟೆ ಜೋಡಿಸುತ್ತಿದ್ದ ಹೆಂಡತಿಯನ್ನು ನಗಿಸೋಣವೆಂದು ವಾಗೀಶ ಫೋನು ತೆಗೆದು ರಣಭೈರವನ ಕೈಯಲ್ಲಿ ಮಲ್ಲಿಗೆ ಕೊಡಿಸಿದ.

ಬಾಗಿಲ ಮರೆಯಿಂದ ಅತ್ತೆಯ ದನಿ ಬಂತು.

“ಸುಮಾ, ನಮ್ಮ ಆಳು ಈಗ ಬಂದ ನೋಡೇ. ಬೆಳಿಗ್ಗೆಯಿಂದ ಎಲ್ಲಿ ಹಾಳಾಗಿ ಹೋಗಿದ್ನೋ. ಮತ್ತೆ ಹೂವು ಹಿಡ್ಕಂಡು ಕಾಲಿಗೆ ಬೀಳ್ತಾವ್ನೆ, ಪೆದ್ದು ಮುಂಡೇದು.”

ವಾಗೀಶನ ಫೋನಿನಲ್ಲಿ ಗಂಟೆ ಮೊಳಗಿತು.

ಟೀ ತಂದ ಸುಮಾ ಸೆರಗಿನಲ್ಲಿ ನಗು ಮುಚ್ಚಿಕೊಂಡು ಪಿಸುಗುಟ್ಟಿದಳು. “ನಂಗೆ ಎರಡೇ ದಿನಕ್ಕೆ ಬೇಜಾರಾಯ್ತು ಕಣ್ರೀ. ಅಮ್ಮ ಇಸ್ಕಂಡು ಆಡ್ತೈತೆ. ನಿಮ್ಮನ್ನ ಆಟದವ್ರು ಕೊಟ್ಟ ಕೆಲಸದಾಳು ಅಂದ್ಕಂಡೈತೆ. ಹೇಳ್ಲಾ?”

“ಬ್ಯಾಡ ಮಾರಾಯ್ತಿ. ಮಾನ ಹೋಗ್ತೈತಿ.”

“ಹಂಗಾದ್ರೆ ಹೊರಡೋ ಮುಂಚೆ ಅಮ್ಮನ ಫೋನಿಗೂ ಆಟ ಹಾಕ್ಕೊಡಿ. ನಾಳೆಯಿಂದ ಆಳು ಬರ್ಲಿಲ್ಲ ಅಂದ್ರೆ ಯಾಕೆ ಅಂತ ಕೇಳುತ್ತೆ.”

ಒಪ್ಪದೆ ವಿಧಿಯಿರಲಿಲ್ಲ. ಹೇಗೂ ಸಂಜೆಗೆ ಹೆಂಡತಿ ತನ್ನ ಪಕ್ಕ ಬಸ್ಸಿನಲ್ಲಿರುತ್ತಾಳೆ, ಅಷ್ಟು ಸಾಕು ಎನ್ನಿಸಿತು. ಗಂಟೆ ಮತ್ತೆ ಮೊಳಗಿತು.

“ಅಳಿಯಂದ್ರೇ, ಟೀ ಕುಡುದ್ರಾ? ಹೊಸ್ತಿಲು ಮಾತ್ರ ದಾಟಬೇಡಿ” ಎಂದು ಅತ್ತೆ ಒಳಗಿನಿಂದ ನೆನಪಿಸಿದರು.

“ದಾಟಂಗಿಲ್ರೀ ಅತ್ತಿ” ಎಂದ ವಾಗೀಶ, ಫೋನಿನಲ್ಲಿ ತುಂಬಿದ ಕೊಡ ಹೆಗಲಿಗೇರಿಸಿ, ಹೊಸ್ತಿಲು ದಾಟಿ, ಅತ್ತೆಯ ಅಡುಗೆಮನೆಗೆ ನೀರು ತಂದಿಟ್ಟ.