ಚಾಂದನಿ ಕುಣಿಯುತ್ತಿರಲಿಲ್ಲ

ಮುಖ ನೋಡಿ ಮನಸ್ಸು ಹೇಳುತ್ತೇನೆ ಎನ್ನುವವರಿಂದ ನಾಲ್ಕು ಮಾರು ದೂರವಿರುವುದು ಒಳ್ಳೆಯದು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ, ಏಕೆಂದರೆ ಅಂಥವರಲ್ಲಿ ನಾನೂ ಒಬ್ಬಳು. ಬೀದರಿನ ನಮ್ಮ ಓಣಿಯಲ್ಲಿ ಯಾವ ಮನೆಯ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಯಾರ ಮಗಳಿಗೆ ನೋಡಲು ಬಂದ ಹುಡುಗ ಮನಸ್ಸಿಗೆ ಬಂದಿಲ್ಲ ಎಂಬುದು ಅವರಿಗಿಂತ ಮೊದಲು ನನಗೇ ತಿಳಿಯುತ್ತದೆ ಎಂದು ನಂಬಿಕೊಂಡು ಐವತ್ತು ದಾಟಿದವಳು ನಾನು. "ವೈನಿ, ನಿಮಗ ಹ್ಯಾಂಗ ಗೊತ್ತಾಗ್ತದರಿ?" ಎಂದು ಯಾರಾದರೂ ಕೇಳಿದರೆ "ಮುಖದ ಮ್ಯಾಲೇ ಇರ್ತದವ್ವ, ನೋಡೋ ಕಣ್ಣು ಬೇಕು" ಎನ್ನುತ್ತಿದ್ದೆ. ನಮ್ಮವರು ಒಳಗಿನಿಂದ, "ಇಷ್ಟು ವರ್ಷ ಸಂಸಾರ ಮಾಡ್ಯಾಳ, ನನಗ ಚಹಾ ಬೇಕೋ ಬ್ಯಾಡೋ ಅಂತ ಒಂದಿನಾನೂ ಬರೋಬ್ಬರಿ ಹೇಳಿಲ್ಲ" ಎಂದು ಕೂಗುತ್ತಿದ್ದರು. ಅದನ್ನು ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಗಂಡನ ಮಾತು ಕಿವಿಗೆ ಹಾಕಿಕೊಳ್ಳುತ್ತ ಕೂತರೆ ಹೆಂಗಸರು ಓಣಿಗೆ ಉಪಕಾರ ಮಾಡುವುದು ಹೇಗೆ?

ನಮ್ಮವರದು ಶಾಮಿಯಾನದ ಅಂಗಡಿ. ಮದುವೆಯ ಪೆಂಡಾಲು, ಕುರ್ಚಿ, ಹಂಡೆ, ಮದುಮಕ್ಕಳು ಕೂರುವ ಕೆಂಪು ಮಖಮಲ್ಲಿನ ಸಿಂಹಾಸನ ಎಲ್ಲವನ್ನೂ ಬಾಡಿಗೆಗೆ ಕೊಡುತ್ತಾರೆ. ನಮ್ಮ ಕಡೆ ಅಕ್ಷತೆ ಬೀಳುವ ಮೊದಲು ಮದುಮಗ ಕುದುರೆ ಏರಿ ಹಣಮಂದೇವರ ಗುಡಿಗೆ ಹೋಗಿ ಬರಬೇಕು. ಹುಟ್ಟಿದಾಗಿನಿಂದ ನಾಯಿ ಕಂಡರೂ ಓಡುವ ಹುಡುಗನಿಗೂ ಆ ಒಂದು ದಿನ ಕುದುರೆ ಬೇಕೇ ಬೇಕು. ಪ್ರತಿ ಸಲ ಕುದುರೆಗಾಗಿ ಬೇರೆಯವರ ಕೈಕಾಲು ಹಿಡಿದು ಹೈರಾಣಾದ ನಮ್ಮವರು, ಭಾಲ್ಕಿಯಲ್ಲಿ ಒಬ್ಬರು ಬ್ಯಾಂಡಿನ ಧಂದೆ ಬಿಡುತ್ತಿದ್ದಾರೆ ಎಂದು ಕೇಳಿ ಅವರ ಬಿಳಿ ಕುದುರೆ ನೋಡಲು ಹೊರಟರು. ಕನ್ಯೆ ನೋಡಲು ಹೋದ ಹಾಗೆ ನಾವು ನಾಲ್ಕು ಮಂದಿ ಹೋದೆವು. ನಮ್ಮೊಡನಿದ್ದ ಹಿರಿಯರೊಬ್ಬರು ಅದರ ಹಣೆಯ ಸುಳಿ, ಎದೆಯ ಸುಳಿಗಳ ಮೇಲೆ ಬೆರಳಿಟ್ಟು, "ಲಕ್ಷ್ಮಿ ಸುಳಿ ಅದರಿ, ಮನಿಗಿ ಛಲೋ ಆಗ್ತದ" ಎಂದರು. ಇನ್ನೊಬ್ಬರು ಬಾಯಿ ಬಿಡಿಸಿ ಹಲ್ಲು ನೋಡಿದರು. ನಮ್ಮವರು ಮೊಬೈಲಿನಲ್ಲಿ ಬ್ಯಾಂಡಿನ ಹಾಡು ಹಚ್ಚಿದರು. ಕುದುರೆ ಮುಂಗಾಲು ಎತ್ತೆತ್ತಿ ಇಟ್ಟು, ತಲೆ ಮೇಲೆ ಕೆಳಗೆ ಮಾಡಿ ಕುಣಿಯಿತು. ಎಲ್ಲರೂ ಒಪ್ಪಿದರು. ನಮ್ಮ ಮನೆಗೆ ಬರಲು ಅದಕ್ಕೆ ಮನಸ್ಸಿದೆಯೋ ಇಲ್ಲವೋ ಎಂದು ಕೇಳುವ ಪದ್ಧತಿ ಇಲ್ಲ. ನನ್ನನ್ನು ನೋಡಲು ಬಂದಾಗಲೂ ಇರಲಿಲ್ಲ ಬಿಡಿ.

ಚಾಂದನಿ ಎಂಬ ಹೆಸರಿನೊಂದಿಗೇ ಅವಳು ನಮ್ಮ ಹಿತ್ತಲಿಗೆ ಬಂದಳು. ನಮ್ಮವರಿಗೆ ಪೆಂಡಾಲು ಬಿಟ್ಟು ಫುರಸತ್ತಿಲ್ಲ, ಹೀಗಾಗಿ ಅವಳ ಸೇವೆ ನನ್ನ ಪಾಲಿಗೆ ಬಂತು. ನೆನೆಸಿದ ಕಡಲೆ, ಜೋಳದ ಕಣಕಿಯ ಮೇವು, ನೀರು, ಮೈ ತೊಳೆಯುವುದು, ಸಗಣಿಯಂತಿದ್ದೂ ಸಗಣಿಯಲ್ಲದ ಅವಳ ಲದ್ದಿ ಎತ್ತುವುದು. ಮದುವೆಯ ದಿನ ಸಿಂಗಾರವೂ ನನ್ನದೇ. ಕೊರಳಿಗೆ ಕನ್ನಡಿ ಹೊಲಿದ ಪಟ್ಟಿ, ಕಾಲಿಗೆ ಗೆಜ್ಜೆ, ತಲೆಗೆ ತುರಾಯಿ, ಮೈಮೇಲೆ ಜರಿಯ ಝೂಲು, ಕೊನೆಗೆ ಕಿವಿಯಿಂದ ಕಿವಿಗೆ ಮಲ್ಲಿಗೆ ದಂಡೆ. ಸಿಂಗಾರ ಮುಗಿಯುವಷ್ಟರಲ್ಲಿ ಟೆಂಪೊ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಕೆಲಸ ಮಾಡುತ್ತ ನಾನು ಸುಮ್ಮನಿರುವವಳಲ್ಲ. ಓಣಿಯ ಸುದ್ದಿಯನ್ನೆಲ್ಲ ಅವಳಿಗೆ ಹೇಳುತ್ತಿದ್ದೆ. ಒಂದು ದಿನ ಪಕ್ಕದ ಮನೆಯವರ ಸುದ್ದಿ ಹೇಳುತ್ತಿದ್ದಾಗ ಅವಳು ಕುತ್ತಿಗೆ ಮೇಲೆತ್ತಿ, ಮೇಲ್ದುಟಿ ಮಡಚಿ, ಹಲ್ಲೆಲ್ಲ ಕಾಣುವಂತೆ ನಕ್ಕುಬಿಟ್ಟಳು! ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಓಣಿಯ ಹೆಂಗಸರನ್ನೆಲ್ಲ ಕರೆದು, "ನನ್ನ ಮಾತಿಗಿ ನಗ್ತಾಳ ನೋಡ್ರಿ" ಎಂದು ತೋರಿಸಿದೆ. ಕುದುರೆಗೆ ಒಗ್ಗದ ವಿಚಿತ್ರ ವಾಸನೆ ಬಂದರೆ ಅದನ್ನು ಪರೀಕ್ಷಿಸಲು ತುಟಿ ಹಾಗೆ ಮಡಚುತ್ತದೆ ಎಂಬುದು ಬಹಳ ದಿನಗಳ ಮೇಲೆ ತಿಳಿಯಿತು. ಆ ವಾಸನೆ ನನ್ನ ತಲೆಗೆ ಹಚ್ಚಿದ ಎಣ್ಣೆಯದಾಗಿತ್ತು. ಅಷ್ಟರಲ್ಲಿ ನನ್ನ ಹಾಸ್ಯಪ್ರಜ್ಞೆಯ ಕೀರ್ತಿ ಎರಡು ಓಣಿ ದಾಟಿ ಹೋಗಿತ್ತು.

ಇದಾದರೂ ನಕ್ಕು ಬಿಡುವ ವಿಷಯ. ಇನ್ನೊಂದು ಹಾಗೆ ಬಿಡುವಂಥದ್ದಲ್ಲ. ಮದುವೆ ಮುಗಿಸಿ ಬಂದ ಮರುದಿನ ಚಾಂದನಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಕಡಲೆ ಮುಟ್ಟುತ್ತಿರಲಿಲ್ಲ. ಕರೆದರೆ ಕಿವಿ ಕೂಡ ತಿರುಗಿಸುತ್ತಿರಲಿಲ್ಲ. ಮನಸ್ಸು ಬಲ್ಲವಳಾದ ನಾನು ಕಾರಣ ಕಂಡುಹಿಡಿದೆ: ನಿನ್ನೆ ಅಷ್ಟು ಜನ, ಅಷ್ಟು ಬೆಳಕು, ಹಾಡು ಕುಣಿತ, ಇವತ್ತು ಖಾಲಿ ಹಿತ್ತಲು. ಮದುವೆ ಮನೆಯಿಂದ ಬಂದರೆ ನನಗೂ ಹೀಗೇ ಬೇಸರ ಬರುತ್ತದಲ್ಲ! ಅದಕ್ಕೆ ಮದ್ದನ್ನೂ ನಾನೇ ಹುಡುಕಿದೆ. ಮೊಬೈಲಿನಲ್ಲಿ ಬ್ಯಾಂಡಿನ ಹಾಡು ಹಚ್ಚಿ ಅವಳ ಮುಂದಿನ ಕಟ್ಟೆಯ ಮೇಲಿಟ್ಟೆ. ಗೂಟಕ್ಕೆ ಕಟ್ಟಿದ್ದ ಅವಳು ತಟ್ಟನೆ ತಲೆ ಎತ್ತಿ, ಮುಂಗಾಲು ಎತ್ತೆತ್ತಿ ಇಡತೊಡಗಿದಳು. "ಬಂತು ನೋಡು ನಮ್ಮವ್ವಗ ಕಳೆ" ಎಂದು ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಅವಳು ಮಂಕಾದಾಗಲೆಲ್ಲ ಇದೇ ಔಷಧ. ಒಮ್ಮೊಮ್ಮೆ ಪಕ್ಕದ ಮನೆಯವರಿಂದ ದೊಡ್ಡ ಸ್ಪೀಕರನ್ನೂ ಕೇಳಿ ತಂದಿದ್ದೇನೆ. ಪ್ರೀತಿಗೆ ಕೊರತೆ ಮಾಡಿದವಳು ನಾನಲ್ಲ.

ಹೀಗಿರುವಾಗ ಔರಾದಿನಲ್ಲಿ ನಮ್ಮ ಬೀಗರ ಮನೆಯ ಮದುವೆ ಬಂತು. ನಮ್ಮವರು ಲಗಾಮು ಹಿಡಿದಿದ್ದರು, ನಾನು ಹೆಂಗಸರ ಗುಂಪಿನಲ್ಲಿ ಹಿಂದೆ ಇದ್ದೆ. ಮುಂದೆ ಗಾಡಿಯ ಮೇಲೆ ಡಿಜೆ. ಅದರ ಹೊಡೆತಕ್ಕೆ ಅಂಗಡಿಗಳ ತಗಡು ಗಡಗಡ ಅನ್ನುತ್ತಿದ್ದವು. ಚಾಂದನಿ ಎಂದಿನಂತೆ ಕುಣಿಯುತ್ತಿದ್ದಳು, ಹುಡುಗರು ಸೀಟಿ ಹೊಡೆಯುತ್ತಿದ್ದರು. ಗುಡಿ ಇನ್ನೇನು ಬಂತು ಎನ್ನುವಾಗ ಜನರೇಟರ್ ಕೆಟ್ಟು ಡಿಜೆ ನಿಂತಿತು. ಹುಡುಗರೆಲ್ಲ ಜನರೇಟರಿನ ಕಡೆ ಓಡಿದರು. ಮದುಮಗ ಕುದುರೆಯ ಮೇಲೆ ಕೂತು, ಮುಖದ ಮೇಲೆ ಇಳಿಬಿದ್ದ ಹೂವಿನ ಸೆಹ್ರಾ ಸರಿಸಿ ಮೊಬೈಲ್ ನೋಡತೊಡಗಿದ. ನಾನು ನೀರು ಕುಡಿಸೋಣವೆಂದು ಚಾಂದನಿಯ ಹತ್ತಿರ ಹೋದೆ. ಅವಳು ಅಷ್ಟು ಹೊತ್ತಿಗೆ ನಿಂತಿದ್ದಳು. ಎತ್ತಿ ಹಿಡಿದಿದ್ದ ಕುತ್ತಿಗೆ ನಿಧಾನ ಇಳಿಯಿತು. ಕಿವಿಗಳು ಎರಡೂ ಕಡೆ ಸಡಿಲಾದವು. ಕೆಳದುಟಿ ಜೋತುಬಿತ್ತು. ಒಂದು ಹಿಂಗಾಲು ಮಡಚಿ, ಮೂಗಿನಿಂದ ದೊಡ್ಡದೊಂದು ಉಸಿರು ಬಿಟ್ಟು, ಗದ್ದವನ್ನು ತಂದು ನನ್ನ ಹೆಗಲ ಮೇಲೆ ಇಟ್ಟಳು. ನಮ್ಮ ಮನೆಗೆ ಬಂದ ಮೇಲೆ ಅವಳು ಹಾಗೆ ನಿಂತದ್ದನ್ನು ನಾನು ಕಂಡೇ ಇರಲಿಲ್ಲ. ಅಷ್ಟರಲ್ಲಿ ಜನರೇಟರ್ ಶುರುವಾಗಿ ಡಿಜೆ ಒಮ್ಮೆಲೇ ಬಡಿಯಿತು. ನನ್ನ ಅಂಗೈ ಅವಳ ಎದೆಯ ಪಟ್ಟಿಯ ಕೆಳಗಿತ್ತು. ಅಲ್ಲಿ ಮೈ ಗಡಗಡ ನಡುಗಿತು, ಎದೆ ಡವಡವ ಹೊಡೆದುಕೊಂಡಿತು. ಕಣ್ಣಿನ ಬಿಳಿ ಕಂಡಿತು. ಆಮೇಲೆ ಅವಳು ಮುಂಗಾಲು ಎತ್ತಿದಳು. ಹುಡುಗರು "ಕುಣೀತು, ಕುಣೀತು" ಎಂದು ಕೂಗಿದರು. ಓಡಿಹೋಗಲು ನೋಡುತ್ತಿದ್ದ ಕುದುರೆಯನ್ನು ಲಗಾಮು ಹಿಡಿದು ನಿಲ್ಲಿಸಿದರೆ ಅದು ನಿಂತಲ್ಲೇ ಓಡುತ್ತದೆ, ನಾವೆಲ್ಲ ಅದಕ್ಕೆ ಕುಣಿತ ಎಂದಿದ್ದೆವು. ನಾನಂತೂ ಅದನ್ನು ಔಷಧವೆಂದು ಕೊಟ್ಟಿದ್ದೆ. ಆವತ್ತು ಮದುವೆಯ ಊಟ ನನಗೆ ಸೇರಲಿಲ್ಲ.

ಬೀದರಿಗೆ ಬಂದ ಮೇಲೆ ಮೊಬೈಲಿನಲ್ಲಿ ಹಾಡಿನ ಬದಲು ಕುದುರೆಗಳ ಸ್ವಭಾವ ತಿಳಿಸುವ ವಿಡಿಯೊಗಳನ್ನು ನೋಡತೊಡಗಿದೆ. ಕಿವಿ ಮುಂದಕ್ಕಿದ್ದರೆ ಕುತೂಹಲ, ಹಿಂದಕ್ಕೆ ಒರಗಿದರೆ ಸಿಟ್ಟು, ಬಾಲ ಬಿಗಿದರೆ ಹೆದರಿಕೆ ಎಂದೆಲ್ಲ ಕಲಿತೆ. ಕೆಲವು ದಿನ ಅದೇ ವಿದ್ಯೆಯನ್ನು ನಮ್ಮವರ ಮೇಲೂ ಪ್ರಯೋಗಿಸಿದೆ. ಆದರೆ ಗಂಡಸರ ಕಿವಿ ಯಾವ ಕಡೆಗೂ ಅಲುಗುವುದಿಲ್ಲ, ಉಪಯೋಗವಾಗಲಿಲ್ಲ. ಇನ್ನು ಚಾಂದನಿಯನ್ನು ಮದುವೆಗೆ ಕಳಿಸುವುದು ಬೇಡ ಎಂದು ನಾನು ಹೇಳಿದಾಗ ಅವರು ನಕ್ಕರು.

"ಏ, ಅದು ಕುಣಿಯೋ ಕುದುರಿ. ಕುಣೀಲಿಲ್ಲಂದ್ರ ಮಂದಿ ಯಾಕ ಒಯ್ತಾರ?"

"ಅದು ಕುಣಿಯಂಗಿಲ್ರಿ, ಅಂಜ್ತದ."

"ನಿನಗ ಅದು ಬಂದು ಹೇಳ್ತಾ?"

ಇಷ್ಟು ದಿನ "ನನ್ನ ಮಾತಿಗಿ ನಗ್ತಾಳ" ಎಂದು ಸಾರಿಕೊಂಡು ತಿರುಗಿದವಳ ಮಾತನ್ನು ಯಾರು ನಂಬಬೇಕು? ಕಡೆಗೆ ಕಮಠಾಣದ ಮದುವೆಗೆ ಹಟ ಹಿಡಿದು ಜೊತೆಗೆ ಹೋದೆ. ಡಿಜೆ ಜೋರಾದಾಗ ಜನರ ಮಧ್ಯೆ ನುಗ್ಗಿ, ನಮ್ಮವರ ಕೈ ಹಿಡಿದು ಚಾಂದನಿಯ ಎದೆಯ ಪಟ್ಟಿಯ ಕೆಳಗೆ ಒತ್ತಿ ಇಟ್ಟೆ. ಹಾಡು ಮುಗಿಯುವವರೆಗೂ ಅವರು ಕೈ ತೆಗೆಯಲಿಲ್ಲ. ಮರುದಿನ ಚಹಾ ಕುಡಿಯುತ್ತ, ಬಸಿಯನ್ನೇ ನೋಡುತ್ತ, "ಠಾಣಾ ಕುಶನೂರದಾಗ ಮಹಾನಂದಾನ ಹೊಲದಾಗ ಜಾಗಾ ಅದ. ಕೇಳ್ತೇನಿ" ಎಂದರು. ಮಹಾನಂದಾ ಎಂದರೆ ಅವರ ತಂಗಿ, ನನ್ನ ನಾದಿನಿ. ಈಗ ನಮ್ಮ ಅಂಗಡಿಯಿಂದ ಮದುಮಗನಿಗೆ ಹೂವು ಹೊದಿಸಿದ ತೆರೆದ ಜೀಪು ಹೋಗುತ್ತದೆ. ಅದಕ್ಕೆ ಅಂಜಿಕೆ ಇಲ್ಲ, ಮದುಮಗನಿಗೂ ಇಲ್ಲ.

ಕುಶನೂರಿಗೆ ಕಳಿಸುವವರೆಗೆ ಚಾಂದನಿ ಸ್ವಲ್ಪ ದಿನ ನನ್ನ ಹತ್ತಿರವೇ ಇದ್ದಳು. ಹಾಡಿಲ್ಲ, ಸಿಂಗಾರವಿಲ್ಲ. ನಾನು ಕಟ್ಟೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತೆ. ಜೀವನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಒಂದು ಸಂಜೆ ಅವಳು ತಾನಾಗಿ ಬಂದು ಮೂಗನ್ನು ನನ್ನ ಅಂಗೈಯಲ್ಲಿ ಇಟ್ಟು ಬಿಸಿ ಉಸಿರು ಬಿಟ್ಟಳು. ಒಂದು ಸುದ್ದಿಯನ್ನೂ ಹೇಳದೆ ಗಳಿಸಿದ ಸ್ನೇಹ ಅದೊಂದೇ. ಆದರೆ ಕರೆದೊಯ್ಯಲು ಬಂದದ್ದು ಮತ್ತೆ ಟೆಂಪೊ. ಅದನ್ನು ನೋಡಿದ್ದೇ ಅವಳು ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿದಳು. ಈ ಟೆಂಪೊ ಮದುವೆಗೆ ಹೋಗುವುದಿಲ್ಲ ತಾಯಿ ಎಂದು ಅವಳಿಗೆ ಹೇಗೆ ಹೇಳುವುದು? ಕುದುರೆಯ ಮಾತು ನನಗೆ ಅಷ್ಟಿಷ್ಟು ಬಂದಿತ್ತು, ನನ್ನ ಮಾತು ಅವಳಿಗೆ ಹೇಳಲು ಬರುತ್ತಿರಲಿಲ್ಲ. ಕೊನೆಗೆ ನಾನೇ ಹಗ್ಗ ಹಿಡಿದು ಎಳೆದೆ. ಅವಳು ಹತ್ತಿದಳು, ನನ್ನ ಕಡೆ ನೋಡಲಿಲ್ಲ. ಟೆಂಪೊ ಹೋದ ಮೇಲೆ ಹಿತ್ತಲಲ್ಲಿ ಕೂತು ಅತ್ತೆ.

ಎರಡು ತಿಂಗಳ ಮೇಲೆ ನೋಡಲು ಹೊರಟೆ. ಗಂಡನ ಮನೆಗೆ ಕೊಟ್ಟ ಮಗಳನ್ನು ಮೊದಲ ಸಲ ನೋಡಲು ಹೋಗುವವರು ಹೇಗೆ ಹೋಗುತ್ತಾರೋ ಹಾಗೇ ಹೋದೆ. ನಾದಿನಿಯ ಮನೆ ಬೇರೆ, ಮಾಸಿದ ಸೀರೆ ಉಟ್ಟು ಹೋಗಲಾಗುತ್ತದೆಯೆ? ಜರಿಯಂಚಿನ ರೇಷ್ಮೆ ಸೀರೆ ಉಟ್ಟೆ. ಕೈತುಂಬ ಹಸಿರು ಬಳೆ, ತಲೆತುಂಬ ಮಲ್ಲಿಗೆ, ಚೀಲದಲ್ಲಿ ಬೆಲ್ಲ. ಕುಶನೂರಿನ ಬಸ್ಸಿನಲ್ಲಿ ಪಕ್ಕದ ಹೆಂಗಸು "ಎಲ್ಲಿ ಮದಿವಿರಿ?" ಎಂದು ಕೇಳಿದಳು. ಆಗಲಾದರೂ ನನಗೆ ಬುದ್ಧಿ ಹೊಳೆಯಬೇಕಿತ್ತು. ಹೊಳೆಯಲಿಲ್ಲ. "ಮಗಳನ್ನ ನೋಡ್ಲಾಕ ಹೊಂಟೇನ್ರಿ" ಎಂದೆ.

ಮಹಾನಂದಾ ನನ್ನನ್ನು ನೇರ ಹೊಲಕ್ಕೆ ಕರೆದೊಯ್ದಳು. ತೊಗರಿಯ ಪಕ್ಕದ ಬದುವಿನಲ್ಲಿ ಚಾಂದನಿ ಮೇಯುತ್ತಿದ್ದಳು. ಮೈ ತುಂಬಿಕೊಂಡಿದ್ದಳು, ಕೇಸರ ಉದ್ದ ಬೆಳೆದು ಕಣ್ಣಿನ ಮೇಲೆ ಬಿದ್ದಿತ್ತು. ಕಿವಿಗಳು ಎರಡೂ ಕಡೆ ಸಡಿಲಾಗಿದ್ದವು. ಔರಾದಿನಲ್ಲಿ ಒಂದು ಗಳಿಗೆ ಕಂಡ ನೆಮ್ಮದಿ ಇಲ್ಲಿ ಅವಳಿಗೆ ಇಡೀ ದಿನದ್ದಾಗಿತ್ತು. ನನಗೆ ಕಣ್ಣು ತುಂಬಿತು. ಬಳೆ ಸರಿಸಿ, ಬೆಲ್ಲ ಹಿಡಿದು, "ಚಾಂದನಿ" ಎಂದು ಕರೆದೆ. ಗಾಳಿ ನನ್ನ ಕಡೆಯಿಂದ ಅವಳ ಕಡೆಗೆ ಬೀಸುತ್ತಿತ್ತು. ಅವಳು ತಲೆ ಎತ್ತಿದಳು. ಮೂಗಿನ ಹೊಳ್ಳೆ ಅರಳಿತು. ಮಲ್ಲಿಗೆ, ಜರಿ ಸೀರೆ, ಬಳೆಯ ಸದ್ದು, ಜೊತೆಗೆ ನಾನು. ಕಿವಿಗಳು ಹಿಂದಕ್ಕೆ ಒರಗಿದವು, ಬಾಲ ಬಿಗಿಯಿತು, ಕಣ್ಣಿನ ಬಿಳಿ ಕಂಡಿತು. ಕಲಿತ ವಿದ್ಯೆ ಒಂದೂ ಹುಸಿಯಾಗಲಿಲ್ಲ. ಅವಳು ತಿರುಗಿ ಹೊಲದ ಆ ತುದಿಗೆ ಓಡಿದಳು. ಅಲ್ಲಿ ಬೇಲಿ ಅಡ್ಡ ಬಂದು, ನಿಂತಲ್ಲೇ ಮುಂಗಾಲು ಎತ್ತೆತ್ತಿ ಇಡತೊಡಗಿದಳು.

"ಅಯ್ಯ, ನೋಡ್ರಿ ವೈನಿ," ಎಂದು ಮಹಾನಂದಾ ಖುಷಿಯಿಂದ ಕೂಗಿದಳು, "ನಿಮ್ಮನ್ನ ನೋಡಿ ಹ್ಯಾಂಗ ಕುಣಿಲತ್ತದ!"

ನಾನು ಮಲ್ಲಿಗೆ ಕಿತ್ತು ಎಸೆದು, ಬಳೆ ತೆಗೆದು ಚೀಲಕ್ಕೆ ಹಾಕಿ, ಅವಳಿಗೆ ಬೆನ್ನು ಮಾಡಿ ಬದುವಿನ ಮೇಲೆ ಬಹಳ ಹೊತ್ತು ಸುಮ್ಮನೆ ಕೂತೆ. ಅವಳು ಬರಲಿಲ್ಲ. ಬೆಲ್ಲವನ್ನು ಕಲ್ಲಿನ ಮೇಲೆ ಇಟ್ಟು ಎದ್ದೆ. ಬಸ್ಸು ಇನ್ನೂ ಬೀದರ ಮುಟ್ಟಿರಲಿಲ್ಲ, ಮಹಾನಂದಾನ ಫೋನ್ ಬಂತು. "ವೈನಿ, ನೀವು ಹೋದ್ರಿಲ್ಲ, ಹಿಂದಿಂದೇ ಬಂದು ಬೆಲ್ಲ ಎಲ್ಲಾ ತಿಂತು ನೋಡ್ರಿ." ಬಹಳ ಸಂತೋಷವಾಯಿತು ಎಂದೆ. ಅರ್ಧ ಖರೆ.

ಮನೆಗೆ ಬಂದಾಗ ನಮ್ಮವರು ಬಾಗಿಲಲ್ಲೇ ಕಾಯುತ್ತಿದ್ದರು. "ಗುರ್ತು ಹಿಡೀತೇನು?" ಎಂದು ಕೇಳಿದರು. ದೂರದಿಂದಲೇ ಹಿಡಿಯಿತು ಎಂದೆ. "ನಾ ಹೇಳಿದ್ನಿಲ್ಲ? ಕುದುರಿ ಮರಿಯಂಗಿಲ್ಲ" ಎಂದು ಅವರಿಗೆ ಎಲ್ಲಿಲ್ಲದ ಹೆಮ್ಮೆ. ಈಗ ತಿಂಗಳಿಗೊಮ್ಮೆ, "ನಡಿ, ಕುಶನೂರಕ ಹೋಗಿ ಬರೋಣು, ಪಾಪ ನಿನ್ನ ದಾರಿ ನೋಡ್ತಿರ್ತದ" ಎನ್ನುತ್ತಾರೆ. ನಾನು ಮಂಡಿ ನೋವು ಎನ್ನುತ್ತೇನೆ. ಅವರು ಅಂಗಡಿಯಿಂದ ಬರುವಾಗ ನೋವಿನ ಎಣ್ಣೆ ತಂದು ಕೊಡುತ್ತಾರೆ. ಬಿಸಿ ಮಾಡಿ ಹಚ್ಚಿಕೊಳ್ಳುತ್ತೇನೆ.