ಬಾರದವರ ಲೆಕ್ಕ

ಸಾವಿರಾರು ಕುಡುಕರ ಹಣೆಬರಹ ಬಲ್ಲ ಹೆಂಗಸು ಕೊಪ್ಪದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಅತ್ತೆ. ಆದರೆ ಅವರಲ್ಲಿ ಒಬ್ಬನ ಮುಖವನ್ನೂ ಅವಳು ಕಂಡಿಲ್ಲ!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮನೋರೋಗ, ಕುಡಿತ, ಗಾಂಜಾಗಳ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರುಗಳು ತಾವು ಕಲೆಹಾಕಿದ ಮಾಹಿತಿಯನ್ನೆಲ್ಲ ಇವಳಿಗೆ ಕಳಿಸುತ್ತಾರೆ. ಅದನ್ನು ಸಂಖ್ಯಾಶಾಸ್ತ್ರದಲ್ಲಿ ಅರೆದು, ಸೋಸಿ, ಯಾವ ಚಿಕಿತ್ಸೆ ನಿಜಕ್ಕೂ ಕೆಲಸ ಮಾಡಿತು, ಯಾವುದು ಮಾಡಿದ ಹಾಗೆ ಕಂಡಿತು ಎಂದು ಹೇಳುವುದು ಇವಳ ಉದ್ಯೋಗ. ಊರಿನವರಿಗೆ ಇಷ್ಟನ್ನೆಲ್ಲ ಬಿಡಿಸಿ ಹೇಳುವವರು ಯಾರು? ‘ತಲೆ ಡಾಕ್ಟ್ರಮ್ಮ’ ಎಂದೇ ಹೆಸರಾಯಿತು.

ಒಮ್ಮೆ ಹರಿಹರಪುರದವರೊಬ್ಬರು ಮಗನನ್ನು ಕರೆತಂದು, ಇವನು ಇಡೀ ದಿನ ಮೊಬೈಲ್ ನೋಡುತ್ತಾನೆ, ಇದು ಚಟವೇ ಎಂದು ಕೇಳಿದರು. ಅತ್ತೆ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಬ್ಬನನ್ನೇ ತಂದರೆ ಏನೂ ಹೇಳಲಾಗುವುದಿಲ್ಲ, ಇಂಥವರು ಇನ್ನೂರು ಜನವಾದರೂ ಬೇಕು ಎಂದಳು. ಆ ಪುಣ್ಯಾತ್ಮರು ಕಾಫಿಯನ್ನೂ ಕುಡಿಯದೆ ಎದ್ದರು.

ಇನ್ನೊಮ್ಮೆ ಪಟ್ಟಣದ ಸಂಶೋಧಕರು ಕಮ್ಮರಡಿ ಕಡೆಯಲ್ಲಿ ಮನೆಮನೆಗೂ ಹೋಗಿ ‘ತಂಬಾಕು ಸೇವಿಸುತ್ತೀರಾ?’ ಎಂದು ವಿಚಾರಿಸಿದರಂತೆ. ಒಬ್ಬರೂ ಹೌದೆನ್ನಲಿಲ್ಲ. ಬಾಯಿ ತುಂಬಿದ್ದವರು ತಲೆ ಅಲ್ಲಾಡಿಸಿಯೇ ಇಲ್ಲವೆಂದರು! ಲೆಕ್ಕ ಅತ್ತೆಯ ಕೈಗೆ ಬಂತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನಮ್ಮಲ್ಲಿ ತಂಬಾಕು ಯಾರು ತಿಂತಾರೆ ಮಾರಾಯ? ಎಲೆಯಡಿಕೆ ಕವಳ ಹಾಕ್ತಾರೆ, ಅಷ್ಟೆ.”

ಕವಳಕ್ಕೆ ಹೊಗೆಸೊಪ್ಪು ಹಾಕುತ್ತೀರಾ ಎಂದು ಕೇಳಿ ನೋಡಿ ಅಂತ ಅವರನ್ನು ವಾಪಸು ಕಳಿಸಿದಳು. ಹಾಕದೆ ಮತ್ತೆಂತ ಎಂದು ಊರೆಲ್ಲ ಒಪ್ಪಿಕೊಂಡಿತು.

ಇವಳ ದೊಡ್ಡ ಜಗಳವೆಲ್ಲ ಬಾರದವರ ಪರವಾಗಿ. ಕುಡಿತ ಬಿಡಲು ಚಿಕಿತ್ಸೆ ಪಡೆದವರು ಆಮೇಲೆ ತಪಾಸಣೆಗೆ ಬರಬೇಕು. ಬಾರದವರನ್ನು ಮತ್ತೆ ಕುಡಿದವರೆಂದೇ ಬರೆದುಕೊಳ್ಳುವ ರೂಢಿಯೊಂದಿದೆ. ಕೆಲಸ ಎಷ್ಟು ಸಲೀಸು! ಅತ್ತೆಗೆ ಅದು ಆಗಿಬರುವುದಿಲ್ಲ. ಗದ್ದೆ ನಾಟಿ ಇದ್ದಿರಬಹುದು, ಪೂರ್ತಿ ಗುಣವಾಗಿ ನಿಮ್ಮ ಮುಖವೇ ಬೇಡವಾಗಿರಬಹುದು ಎಂದು ಫೋನಿನಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳನ್ನು ದಬಾಯಿಸುತ್ತಾಳೆ. ಆಮೇಲೆ ಬಂದವರನ್ನು ನೋಡಿ ಬಾರದವರನ್ನು ಹತ್ತಾರು ಬಗೆಯಲ್ಲಿ ಅಂದಾಜು ಮಾಡುತ್ತಾ ಕೂರುತ್ತಾಳೆ. ಬಂದವರಿಗೂ ಅಷ್ಟು ಉಪಚಾರವಿಲ್ಲ!

ಹೋದ ವರ್ಷ ಎನ್.ಆರ್.ಪುರದಲ್ಲಿ ನಮ್ಮ ನೆಂಟರ ಗೃಹಪ್ರವೇಶ. ಶೃಂಗೇರಿಯಿಂದ ನನ್ನ ಅಣ್ಣನೂ ಬರಬೇಕಿತ್ತು. ಅವನು ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ಇನ್ನೊಮ್ಮೆ ಕುಡಿದರೆ ಮಗಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಎಂದು ಅತ್ತಿಗೆ ಖಂಡಿತವಾಗಿ ಹೇಳಿದ್ದಳು. ಹಿಂದಿನ ದಿನವೇ ಬಂದಿದ್ದ ಅವಳು ಬೆಳಗಿನಿಂದ ದಾರಿ ನೋಡುತ್ತಿದ್ದಳು. ಊಟದ ಹೊತ್ತಾದರೂ ಅಣ್ಣ ಬರಲಿಲ್ಲ, ಫೋನೂ ಸ್ವಿಚ್ ಆಫ್. ಮತ್ತೆ ಶುರು ಮಾಡಿದ ಎಂದು ಅಪ್ಪನೇ ಹೇಳಿಬಿಟ್ಟ. ಅತ್ತಿಗೆ ಒಳಗೆ ಹೋಗಿ ಬಟ್ಟೆ ಜೋಡಿಸತೊಡಗಿದಳು.

ಅತ್ತೆ ಪಂಕ್ತಿಯಲ್ಲಿ ಕೂತಲ್ಲಿಂದಲೇ ಹೇಳಿದಳು: “ಅವ ಬರ್ಲಿಲ್ಲ, ಅಷ್ಟೇ ಗೊತ್ತಿರೋದು. ಕುಡಿದ ಅಂತ ಯಾರು ನೋಡಿದ್ದು? ನನ್ ಪಕ್ಕ ಇನ್ನೊಂದು ಎಲೆ ಹಾಕಿ.”

ಎಲೆ ಹಾಕಿದರು. ಪಂಕ್ತಿ ಊಟ ಮಾಡಿತು, ಅತ್ತೆ ಮಾತ್ರ ಅನ್ನ ಮುಟ್ಟದೆ ಕೂತಳು. ಎಲ್ಲರೂ ಹೋಳಿಗೆ ಮುಗಿಸುವ ಹೊತ್ತಿಗೆ ಅಣ್ಣ ಬಂದ. ಬಸ್ಸು ಶೆಟ್ಟಿಕೊಪ್ಪದ ಹತ್ತಿರ ಕೆಟ್ಟು ನಿಂತಿತ್ತಂತೆ, ಫೋನಿನಲ್ಲಿ ಚಾರ್ಜಿರಲಿಲ್ಲವಂತೆ. ಅಪ್ಪ ಎದ್ದು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟ. ಪ್ರೀತಿಗಲ್ಲ, ಬಾಯಿಯ ವಾಸನೆ ನೋಡಲಿಕ್ಕೆ.

ಅಣ್ಣನಿಗೆ ಅದು ತಿಳಿಯಿತು. ಎಲೆಯ ಮುಂದೆ ಕೂತು, ಅತ್ತೆಯ ಕಡೆಗೆ ಬಗ್ಗಿ, “ನೀನೂ ಮೂಸಿ ನೋಡು, ಅತ್ತೆ” ಎಂದ.

“ನಾ ಕೇಳ್ಲಿಲ್ವಲ್ಲ ಮಾರಾಯ,” ಎಂದಳು ಅತ್ತೆ. “ಉಣ್ಣು.”

ಅತ್ತಿಗೆ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಅಣ್ಣ ತಲೆ ಬಗ್ಗಿಸಿ ಮೊದಲ ತುತ್ತು ಬಾಯಿಗಿಟ್ಟ. ಅತ್ತೆ ತನ್ನ ಎಲೆಗೆ ಕೈ ಹಾಕಿದ್ದು ಆಮೇಲೆಯೇ.