ನಾಶಪಾತಿಗೆ ಹೇನು, ಗುಣಪಾಲರಿಗೆ ಪುಣ್ಯ

ಡೊಂಬಿವಲಿಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟಿದ್ದ ಗುಣಪಾಲರು ಯಾವ ಪಾತ್ರೆಯನ್ನಾದರೂ ಬೆರಳಿನಿಂದ ಒಮ್ಮೆ ತಟ್ಟಿ ಅದರ ಯೋಗ್ಯತೆ ಹೇಳಬಲ್ಲವರು. ಹೆಂಡತಿ ದಮಯಂತಿಯನ್ನೂ ಹಾಗೆಯೇ ಎಂದೋ ಅಳೆದು ಮುಗಿಸಿದ್ದರು: ನೋಡಲು ಹಗುರ, ತಗಡಿನ ಗೇಜು ದಪ್ಪ. ಬಿದ್ದರೆ ನೆಗ್ಗುವುದು ನೆಲ, ಮಾಲಲ್ಲ.

ಈ ಗಟ್ಟಿ ಮಾಲು ಹಿಮಾಚಲದ ಟೂರಿಗೆ ಹೋದಾಗ ಎರಡು ನಾಶಪಾತಿ ಸಸಿಗಳನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಬಿಲ್ಡಿಂಗಿನ ಟೆರೇಸಿನಲ್ಲಿ ಅರ್ಧ ಕತ್ತರಿಸಿದ ಡ್ರಮ್ಮುಗಳಲ್ಲಿ ನೆಟ್ಟಿತ್ತು. ವರ್ಷಗಳಾದರೂ ಒಂದು ಹಣ್ಣಿಲ್ಲ. ಗುಣಪಾಲರ ಲೆಕ್ಕದಲ್ಲಿ ಅದು ಓಡದ ಸ್ಟಾಕು. ಆ ಫೆಬ್ರವರಿಯಲ್ಲಿ ಚಿಗುರಿನ ತುಂಬ ಎಲೆಯ ರಸ ಹೀರುವ ಹಸಿರು ಹೇನು ಹತ್ತಿತು. ಎಲೆ ಮುರುಟಿತು. ಹೇನಿನ ಅಂಟು ತೊಟ್ಟಿಕ್ಕಿ, ಕೆಳಗಿನ ಬಾಲ್ಕನಿಯಲ್ಲಿ ಒಣಗುತ್ತಿದ್ದ ಸೊಸೈಟಿ ಸೆಕ್ರೆಟರಿ ಯಜ್ಞೇಶ್ವರ ರಾಯರ ಪಂಚೆಗೆ ಅಭಿಷೇಕವಾಯಿತು.

"ಎಂತ ಮಾರಾಯ್ರೆ ಇದು! ಈ ಪಂಚೆ ಉಟ್ಟರೆ ಬಿಡಿಸಲಿಕ್ಕೆ ಇಬ್ಬರು ಬೇಕು," ಎನ್ನುತ್ತ ರಾಯರು ಟೆರೇಸಿಗೆ ಹತ್ತಿ ಬಂದರು. "ಹೋಳಿಯ ಒಳಗೆ ಅಂಟು ನಿಲ್ಲಬೇಕು. ಇಲ್ಲದಿದ್ದರೆ ಎರಡೂ ಗಿಡ ಕಡಿಸುವುದೇ."

"ಕಡಿಸ್ರಿ ನೋಡೂಣು! ಮೊದಲ ನನ್ನ ದಾಟಿ ಬರಬೇಕಾಗತೈತಿ," ಎಂದು ದಮಯಂತಿ ಡ್ರಮ್ಮಿಗೆ ಬೆನ್ನು ಕೊಟ್ಟು ನಿಂತಳು.

ಔಷಧಿ ಹೊಡೆಯುವಂತಿರಲಿಲ್ಲ. ಜೈನರ ಮನೆ, ಹೇನಿಗೂ ಜೀವವಿದೆ. ಗುಣಪಾಲರಂತೂ ಅಹಿಂಸೆಯ ಸಗಟು ವ್ಯಾಪಾರಿ. ದಿನಾ ಬೆಳಿಗ್ಗೆ ಅದೇ ಡ್ರಮ್ಮುಗಳ ಬುಡದಲ್ಲಿ (ನೆರಳಿದೆಯಲ್ಲ!) ಇರುವೆಗಳಿಗೆ ಸಕ್ಕರೆ ಹಾಕಿ, ಪುಣ್ಯ ಜಮಾ ಮಾಡಿಕೊಂಡೇ ಅಂಗಡಿಗೆ ಹೊರಡುತ್ತಿದ್ದರು.

"ಓಡದ ಮಾಲಿಗೆ ಯಾಕಿಷ್ಟು ಜಗಳಾ? ಕಡಸ್ರಿ ಅಂತ ರಾಯರಿಗೆ ಹೂಂ ಅಂದೇನಿ," ಎಂದರು.

"ನಿಮ್ಮ ಹೂಂ ನೀವ ಇಟ್ಕೋರಿ!"

ದಮಯಂತಿ ಗಿಡದೆದುರು ಸ್ಟೂಲು ಹಾಕಿ ಕೂತಳು. ಇರುವೆಗಳು ಸಾಲಾಗಿ ಡ್ರಮ್ಮು ಹತ್ತಿ, ಹೇನುಗಳ ಬೆನ್ನು ಸವರಿ ಸಿಹಿರಸ ಕುಡಿಯುತ್ತಿದ್ದವು. ಹೇನು ತಿನ್ನಲು ಬಂದ ಗುಲಗಂಜಿ ಹುಳುವನ್ನು (ಕೆಂಪು ಮೈ, ಕರಿ ಚುಕ್ಕೆ) ಕಚ್ಚಿ ಓಡಿಸುತ್ತಿದ್ದವು. ಸಾಕ್ಷಾತ್ ಹೈನುಗಾರಿಕೆ!

"ರೀ! ನೀವು ಇರಿವಿ ಸಾಕೀರಿ, ಇರಿವಿ ಹೇನು ಸಾಕ್ಯಾವ. ಪುಣ್ಯಾ ನಿಮಗ, ಬೈಗಳಾ ನನಗ!"

"ನಮ್ಮ ಸಕ್ಕರಿ ತಿಂದಮ್ಯಾಲೂ ಅವಕ್ಕ ಅದ್ಯಾಕ ಬೇಕು?"

"ಊಟಾ ಆದಮ್ಯಾಲೂ ನಿಮಗ ಪೇಡೆ ಯಾಕ ಬೇಕು?"

ಗುಣಪಾಲರು ಒಂದು ಪೇಡೆ ಬಾಯಿಗೆ ಹಾಕಿಕೊಂಡು ಅಂಗಡಿಗೆ ಹೋದರು. ಮರುದಿನ ನೋಡಿದರೆ ಶೋಕೇಸಿನಲ್ಲಿದ್ದ ಎರಡು ದೊಡ್ಡ ಪರಾತಗಳು (ಹಿಟ್ಟು ನಾದುವ ಅಗಲ ತಟ್ಟೆ) ಇಲ್ಲ. ಅಂಗಡಿಯ ಹಮಾಲರೂ ಇಲ್ಲ. ಎಲ್ಲರೂ ಟೆರೇಸಿನಲ್ಲಿದ್ದರು. ಜಾಮೂನಿಗೆ ಇರುವೆ ಹತ್ತದಂತೆ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುವುದಿಲ್ಲವೇ? ಹಾಗೆ, ನೀರು ತುಂಬಿದ ಪರಾತಗಳೊಳಗೆ, ಇಟ್ಟಿಗೆಯ ಮೇಲೆ ಡ್ರಮ್ಮುಗಳು ಸಿಂಹಾಸನಾರೂಢವಾಗಿದ್ದವು. ಗಿಡದ ಮೇಲಿದ್ದ ಇರುವೆಗಳನ್ನು ದಮಯಂತಿ ಮೆತ್ತನೆಯ ಬ್ರಶ್ಶಿನಿಂದ ಇಳಿಸಿ, ಸಕ್ಕರೆಯ ಸಮೇತ ನೀರಿನ ಟಾಕಿಯ ಮೂಲೆಗೆ ವರ್ಗ ಮಾಡಿದ್ದಳು.

ಹೋಳಿ ಬಂತು. ರಾಯರು ಗರಗಸದವನನ್ನು ಕರೆದುಕೊಂಡು ಬಂದರು. ಹೂಂ ಅಂದಿದ್ದ ಗುಣಪಾಲರು ಹಿಂದೆ. ಎಲೆಎಲೆಗೂ ಗುಲಗಂಜಿ ಹುಳು. ರಾಯರು ಎಲೆ ಸವರಿದರು, ಅಂಟಲಿಲ್ಲ.

"ಎಂತ ಹೊಡೆದಿರಿ ಅಮ್ಮ?"

"ಏನೂ ಹೊಡದಿಲ್ರೀ. ಗುಲಗಂಜಿ ಹುಳಾ ತಮ್ಮ ಊಟಾ ತಾವು ಉಂಡಾವ. ಹೇನು ಕಾಯತಿದ್ದ ಇರಿವೀನ ಇವರ ಸಕ್ಕರಿ ಸಮೇತ ನಾ ಆ ಮೂಲಿಗೆ ಸರಿಸಿದೆ, ಅಷ್ಟ."

ರಾಯರು ನಿಧಾನವಾಗಿ ಗುಣಪಾಲರತ್ತ ತಿರುಗಿದರು. "ಅಂದರೆ ನನ್ನ ಪಂಚೆ ಹಾಳು ಮಾಡಿದ್ದು ನೀವಾ?"

ಗುಣಪಾಲರು ಹೆಂಡತಿಯನ್ನು ಕೇಳಿದರು. "ಏ, ಪರಾತ ಯಾವಾಗ ವಾಪಸ್ ಕೊಡ್ತೀ?"

"ವಾಪಸ್ ಇಲ್ಲ ಅಂತ ನಿಮ್ಮ ಅಂಗಡ್ಯಾಗ ಬೋರ್ಡ್ ಹಾಕೀರಿ ಅಲ್ಲ?"

ಗುಣಪಾಲರು ದಮಯಂತಿಗೆ ಕೊಡಬೇಕಾಗಿರುವುದು ಒಂದೇ ಮಾತು: ತಪ್ಪು ನನ್ನದು. ಇನ್ನೂ ಕೊಟ್ಟಿಲ್ಲ.